ಗಂಧಕ್ಕೆ ಸೆರೆಯಾದ ಪತಂಗ

ಅನ್ನವನ್ನು ಬಿಟ್ಟ ಮಾತ್ರಕ್ಕೆ ಉಪವಾಸವಾಗುವುದೇ? ರೇಷ್ಮೆಹುಳುವು ಪತಂಗವಾಗಿ ಗೂಡಿನಿಂದ ಹೊರಬಂದ ಮೇಲೆ ಸಾಯುವವರೆಗೆ ಏನನ್ನೂ ತಿನ್ನುವುದಿಲ್ಲ. ಆದರೂ ಅದು ವ್ರತಿಯಲ್ಲ. ಚತುರಿಂದ್ರಿಯವಾದ ಆ ಜೀವವು ಘ್ರಾಣೇಂದ್ರಿಯದ ಸೆರೆಯಾಳು. ಹೆಣ್ಣು ಸೂಸುವ ಗಂಧದ ಲೇಶವು ಕುಡಿಮೀಸೆಗೆ ತಾಗಿದರೆ ಸಾಕು, ಗಂಡು ರೆಕ್ಕೆ ಬಡಿಯುತ್ತ ಅತ್ತಲೇ ಸಾಗುವುದು.

1959ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಬೂಟೆನಾಂಟ್ ಮತ್ತು ಸಂಗಡಿಗರು ಈ ದ್ರವ್ಯದ ಸ್ವರೂಪವನ್ನು ಪ್ರಕಟಿಸಿ ಬಾಂಬಿಕಾಲ್ ಎಂದು ಹೆಸರಿಟ್ಟರು. ಅದಕ್ಕಾಗಿ ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳು ಬೇಕಾದವು, ಎಂತಹ ಹಿಂಸೆ! ಬಳಿಕ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸಿದರು. ಆ ಕೃತಕ ದ್ರವ್ಯವನ್ನು ಲೇಪಿಸಿದ ಗಾಜಿನ ಕಡ್ಡಿಯ ಮುಂದೆಯೂ ಗಂಡು ಪತಂಗವು ಹಾಗೆಯೇ ಪರವಶವಾಗುವುದು. ಅಲ್ಲಿ ಹೆಣ್ಣಿಲ್ಲ, ಇರುವುದು ಬರಿಯ ಗಂಧ.

ಪತಂಗಕ್ಕೆ ಮನಸ್ಸಿಲ್ಲ, ವಿವೇಕವಿಲ್ಲ; ಅದನ್ನು ದೂಷಿಸಲಾಗದು. ಮನಸ್ಸುಳ್ಳ ಶ್ರಾವಕನು ಪಾರಣೆಯ ಭಕ್ಷ್ಯಗಳನ್ನೇ ನೆನೆಯುತ್ತ ಪರ್ವದಿನವನ್ನು ನೂಕಿದರೆ ಅವನಿಗೂ ಪತಂಗಕ್ಕೂ ಭೇದವೇನು? ಎದುರಿಗಿಲ್ಲದ ವಸ್ತುವಿಗಾಗಿಯೇ ಇಬ್ಬರ ಪರದಾಟ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದಂದು ಆಹಾರದೊಡನೆ ಗಂಧ, ಪುಷ್ಪ, ಅಂಜನ, ಅಲಂಕಾರಗಳನ್ನೂ ತ್ಯಜಿಸಲು ವಿಧಿಸಿರುವುದು ವ್ಯರ್ಥವಲ್ಲ. ಇಂದ್ರಿಯಗಳು ವಿಷಯಗಳಿಂದ ಮರಳಿ ಆತ್ಮನ ಸಮೀಪದಲ್ಲಿ ವಾಸಿಸುವುದೇ ಉಪವಾಸ. ಹಸಿವೆಯು ಅದರ ಹೊರಬಾಗಿಲು ಮಾತ್ರ.