ನೆತ್ತಿಯ ಮೇಲಿನ ಚಳಿ

ಏಪ್ರಿಲ್ ಬಂದರೆ ಹೊಸಪೇಟೆಯಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತದೆ. ಹಂಪಿಯ ಬಂಡೆಗಳಂತೂ ಹಿಂದಿನ ದಿನದ ಕಾವನ್ನು ಬೆಳಗಾದರೂ ಪೂರ್ತಿ ಬಿಟ್ಟುಕೊಡುವುದಿಲ್ಲ. ಇದೇ ನೆಲದ ನೆತ್ತಿಯ ಮೇಲೆ, 16–17 ಕಿಲೋಮೀಟರ್ ಎತ್ತರದಲ್ಲಿ, ಮೈನಸ್ 80 ಡಿಗ್ರಿಯ ಆಸುಪಾಸಿನ ಚಳಿಯಿದೆ. ಹೊಸಪೇಟೆಯಿಂದ ಹಂಪಿಗಿರುವ ದಾರಿಗಿಂತ ತುಸು ಹೆಚ್ಚು ದೂರ, ಅಷ್ಟೆ.

ಮುಂಗಾರಿನ ತಿಂಗಳುಗಳಲ್ಲಿ ಆ ಎತ್ತರದಲ್ಲಿ ಏಷ್ಯಾದ ಉದ್ದಗಲಕ್ಕೆ ಸೂಕ್ಷ್ಮ ಕಣಗಳ ತೆಳು ಪದರವೊಂದು ಹರಡಿಕೊಳ್ಳುತ್ತದೆ ಎಂಬುದು ಉಪಗ್ರಹದ ಮಾಹಿತಿಯಿಂದ 2011ರಲ್ಲಿ ಗೊತ್ತಾಯಿತು. ಅಂಥ ಕಣ ಅಲ್ಲಿ ಹುಟ್ಟುವುದು ಹೇಗೆ? ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ‘ಕ್ಲೌಡ್’ ಎಂಬ ಉಕ್ಕಿನ ಕೊಠಡಿಯಿದೆ, 26 ಘನಮೀಟರಿನದು. ವಿಜ್ಞಾನಿಗಳು ಅದನ್ನು ಮೈನಸ್ 50 ಡಿಗ್ರಿಗೆ ತಂಪಾಗಿಸಿ, ಗಂಧಕಾಮ್ಲ, ನೈಟ್ರಿಕ್ ಆಮ್ಲ, ಅಮೋನಿಯಾಗಳನ್ನು ಒಟ್ಟಿಗೆ ಬಿಟ್ಟು ನೋಡಿದರು. ಯಾವ ಎರಡು ಸೇರಿದರೂ ಆಗದಷ್ಟು ಜೋರಾಗಿ ಮೂರೂ ಸೇರಿದಾಗ ಕಣಗಳು ಹುಟ್ಟಿದವು. ಬೆಚ್ಚಗಿನ ಗಾಳಿಯಲ್ಲಿ ನೈಟ್ರಿಕ್ ಆಮ್ಲವೂ ಅಮೋನಿಯಾವೂ ಕೂಡಿದರೂ ಬೇಗ ಆವಿಯಾಗಿ ಅಗಲುತ್ತವೆ. ಚಳಿಯಲ್ಲಿ ಅಂಟಿಕೊಂಡೇ ಇರುತ್ತವೆ. ಹಾಗೆ ಬೆಳೆದ ಕಣಗಳು ಮರುಭೂಮಿಯ ದೂಳಿನಷ್ಟೇ ಚೆನ್ನಾಗಿ ಮಂಜುಗಡ್ಡೆಯ ಹರಳಿಗೆ ಬೀಜವಾಗಬಲ್ಲವು. 2022ರಲ್ಲಿ ಇದು ಪ್ರಕಟವಾಯಿತು.

ಈ ಮೂರೂ ನಮಗೆ ಪರಕೀಯವಲ್ಲ. ಕಲ್ಲಿದ್ದಲು ಉರಿದರೆ ಗಂಧಕದ ಹೊಗೆ. ತೋರಣಗಲ್ಲಿನ ಉಕ್ಕಿನ ಕುಲುಮೆಗೂ ಕುಡತಿನಿಯ ವಿದ್ಯುತ್ ಸ್ಥಾವರಕ್ಕೂ ಕಲ್ಲಿದ್ದಲೇ ಬೇಕು. ನೈಟ್ರಿಕ್ ಆಮ್ಲದ ಒಂದು ಪಾಲನ್ನು ಮಿಂಚೇ ಮಾಡಿಕೊಡುತ್ತದೆ. ಅಮೋನಿಯಾ? ಅದು ಕೊಟ್ಟಿಗೆಯದು, ಗದ್ದೆಯದು. ಕಂಪ್ಲಿಯಂಥ ಕಾಲುವೆ ನಾಡಿನಲ್ಲಿ ನಿಂತ ನೀರಿಗೆ ಎರಚಿದ ಯೂರಿಯಾದ ಒಂದಂಶ ಪೈರಿಗೆ ದಕ್ಕದೆ ಗಾಳಿಗೆ ಹೋಗುತ್ತದೆ. ಮುಂಗಾರಿನ ಎತ್ತರದ ಮೋಡಗಳು ಇಂಥ ನೂರಾರು ಬಯಲುಗಳ ಅಮೋನಿಯಾವನ್ನು ಹನಿಯೊಳಗೆ ಕರಗಿಸಿಕೊಂಡು ಮೇಲೊಯ್ದು, ಹನಿ ಹೆಪ್ಪುಗಟ್ಟುವಾಗ ಬಿಟ್ಟುಬಿಡುತ್ತವೆ.

ಸಂಡೂರಿನ ಅದಿರಿನ ಕೆಂಪು ದೂಳು ಬಟ್ಟೆಗೆ ಮೆತ್ತುತ್ತದೆ, ಎಲೆಗೆ ಕೂರುತ್ತದೆ. ಯಾರ ಲಾರಿ ಎಂದು ಜಗಳವಾದರೂ ಆಡಬಹುದು. ಮೇಲಿನ ಕಣದ ಮುಂದೆ ಆ ಜಗಳ ನಡೆಯದು. ಚಿಮಣಿಯತ್ತ ಬೆರಳು ತೋರಿಸುವುದು ನನಗೂ ಸಲೀಸು. ಆದರೆ ಅದೇ ಕಣದಲ್ಲಿ ನಾನುಂಡ ಅನ್ನದ ಗದ್ದೆಯ ಪಾಲೂ ಇರಬಹುದು, ಯಾರದೂ ಅಲ್ಲದ ಮಿಂಚಿನದೂ. ಪಾಲು ಹಂಚಿ ಲೆಕ್ಕ ಒಪ್ಪಿಸುವುದು ಮುಂದಿನ ಕೆಲಸ. ಸದ್ಯಕ್ಕೆ ಗದ್ದೆಯ ಪಾಲಿಗಾದರೂ ಹಳೆಯ ಉಪಾಯವೊಂದುಂಟು: ನೀರು ಬಸಿದು, ಗೊಬ್ಬರವನ್ನು ಕೆಸರಿನೊಳಗೆ ಸೇರಿಸುವುದು. ರೈತನಿಗೆ ಯೂರಿಯಾವೂ ಉಳಿಯುತ್ತದೆ.