ನಿಂತ ದಿನಗಳ ಕೂಲಿ

ನಿತ್ಯವೂ ನಮ್ಮ ಬಾಯಲ್ಲಿ ಓಡಾಡುವ ಮಾತುಗಳಲ್ಲಿ ಕೆಲವು ತಮ್ಮ ಹುಟ್ಟನ್ನೇ ಮರೆತುಬಿಟ್ಟಿವೆ. ‘ಸಂಬಳ’ವೆಂಬುದು ಅಂಥದೊಂದು. ಸಂಸ್ಕೃತದ ‘ಶಂಬಲ’ದಿಂದ ಬಂದ ಈ ಶಬ್ದದ ಮೊದಲ ಅರ್ಥ ದಾರಿಯ ಬುತ್ತಿ, ಅಂದರೆ ಪ್ರಯಾಣ ಹೊರಟವನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುವ ಆಹಾರ. ಬುತ್ತಿಯನ್ನು ಕಟ್ಟುವವರು ಎಷ್ಟು ಹೆಜ್ಜೆ ನಡೆದರೆ ಎಷ್ಟು ತುತ್ತು ಎಂದು ಲೆಕ್ಕ ಹಾಕುವುದಿಲ್ಲ. ಹೊಳೆ ಬಂದು ದಾರಿ ಕಟ್ಟಿದರೆ ಒಂದು ರಾತ್ರಿ ದಡದಲ್ಲಿ ತಂಗಬೇಕಾದೀತೆಂದು ಅದಕ್ಕೂ ಸೇರಿಸಿಯೇ ಕಟ್ಟುತ್ತಾರೆ. ನಡೆಯುವವನಿಗೆ ಹಸಿವಾಗುವಂತೆ ನಿಂತವನಿಗೂ ಹಸಿವಾಗುತ್ತದೆ ಎಂಬ ಅರಿವು ಆ ಹಳೆಯ ಶಬ್ದದಲ್ಲಿ ಅಡಗಿದೆ. ಇಂದು ನಾವು ಸಂಬಳವೆಂದೂ ಕೂಲಿಯೆಂದೂ ಕರೆಯುವುದು ಮಾಡಿದ ಕೆಲಸದ ಬೆಲೆ ಮಾತ್ರವೆ, ಅಥವಾ ಕೆಲಸ ಮಾಡುವವನ ಬಾಳಿನ ಬುತ್ತಿಯೂ ಹೌದೆ? ದಿನಗಳು ಸರಿಯಾಗಿ ನಡೆದಿರುವಾಗ ಈ ಪ್ರಶ್ನೆ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದು. ಕೆಲಸವೆಲ್ಲ ಒಮ್ಮೆಲೇ ನಿಂತಾಗ ಅದು ಒಲೆಯ ಮುಂದಿನ ಪ್ರಶ್ನೆಯಾಗುತ್ತದೆ.

2020ರ ಮಾರ್ಚ್ 24ರ ರಾತ್ರಿ ದೇಶವನ್ನೆಲ್ಲ ಮೊದಲು 21 ದಿನಗಳ ಕಾಲ ಮುಚ್ಚುವುದಾಗಿ ಘೋಷಣೆಯಾಯಿತು. ಆ ಮುಚ್ಚುಗಡೆ ಮತ್ತೆ ಮತ್ತೆ ಬೆಳೆದು ಮೇ ತಿಂಗಳ ಕೊನೆಯವರೆಗೂ ಬಂದಿತು. ನಮ್ಮ ಸೀಮೆಯ ಮಟ್ಟಿಗೆ ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ಆ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಹೊರಡಿಸಿದ ಪಟ್ಟಿಯಲ್ಲಿ ತಮಿಳುನಾಡಿನಲ್ಲೆಲ್ಲ ಹಸಿರು ವಲಯವೆನಿಸಿಕೊಂಡ ಜಿಲ್ಲೆ ನಮ್ಮ ಕೃಷ್ಣಗಿರಿಯೊಂದೇ. ರೋಗ ಇನ್ನೂ ಇಲ್ಲಿಗೆ ಕಾಲಿಡುವ ಮೊದಲೇ ಇಲ್ಲಿಯ ಕೆಲಸ ನಿಂತುಹೋಗಿತ್ತು. ಹೊಸೂರಿನ ಕಾರ್ಖಾನೆಗಳ ಬಾಗಿಲು ಮುಚ್ಚಿತು. ಅತ್ತಿಬೆಲೆಯ ಗಡಿಯಲ್ಲಿ ಅನುಮತಿಪತ್ರವಿಲ್ಲದವರಿಗೆ ದಾರಿ ಇಲ್ಲದಾಯಿತು. ಡೆಂಕಣಿಕೋಟೆ, ತಳಿ, ಕೆಲಮಂಗಲಗಳ ಕಡೆಯಿಂದ ಬೆಳಗಾಗುವ ಮೊದಲೇ ಹೊರಟು ಹೊಸೂರು, ಬೊಮ್ಮಸಂದ್ರಗಳಿಗೆ ಕೆಲಸಕ್ಕೆ ಹೋಗುತ್ತಿದ್ದವರು ಮನೆಯಲ್ಲಿ ಕುಳಿತರು. ಅವರು ಕಾಯಿಲೆ ಬಿದ್ದವರಲ್ಲ, ಕೆಲಸಕ್ಕೆ ಒಲ್ಲೆನೆಂದವರೂ ಅಲ್ಲ. ಎಲ್ಲರ ಪ್ರಾಣದ ರಕ್ಷಣೆಗಾಗಿ ಮನೆಯಲ್ಲಿರಿ ಎಂದು ಆಜ್ಞೆಯಾಯಿತು; ಇದ್ದರು. ಹೀಗಿರಲು ಆ ದಿನಗಳ ಅನ್ನ ಯಾರ ಹೊಣೆ?

ಈ ಪ್ರಶ್ನೆಗೆ ಸರ್ಕಾರ ಮೊದಲು ಕೊಟ್ಟ ಉತ್ತರ ಸ್ಪಷ್ಟವಾಗಿಯೇ ಇತ್ತು. ಮಾರ್ಚ್ 29ರಂದು ಕೇಂದ್ರದ ಗೃಹ ಇಲಾಖೆಯು, ಮುಚ್ಚಿದ ಅವಧಿಗೂ ಮಾಲೀಕರು ಯಾವ ಕಡಿತವೂ ಇಲ್ಲದೆ ಕೂಲಿಯನ್ನು ಕೊಡತಕ್ಕದ್ದೆಂದು ಆದೇಶಿಸಿತು. ಏಳು ವಾರ ಕಳೆಯುವಷ್ಟರಲ್ಲಿ, ಮೇ 18ರಿಂದ ಜಾರಿಗೆ ಬರುವಂತೆ, ಆ ಆದೇಶ ಹಿಂದೆ ಸರಿಯಿತು. ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಮಾಲೀಕರೂ ಕೆಲಸಗಾರರೂ ಕುಳಿತು ಮಾತನಾಡಿ ಒಪ್ಪಂದಕ್ಕೆ ಬರಬೇಕೆಂದು ಜೂನ್ 12ರಂದು ಸೂಚನೆ ಬಂದಿತು. ಮಾತುಕತೆಯೆಂಬುದು ಒಳ್ಳೆಯದೇ. ಆದರೆ ಒಬ್ಬನ ಉಗ್ರಾಣದಲ್ಲಿ ಧಾನ್ಯವಿದ್ದು ಇನ್ನೊಬ್ಬನ ಮನೆಯಲ್ಲಿ ಮಡಕೆ ಬರಿದಾಗಿದ್ದರೆ, ಆ ಇಬ್ಬರ ಮಾತುಕತೆಯಲ್ಲಿ ಕಾಯುವ ಶಕ್ತಿ ಯಾರಿಗಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಏಳುತ್ತವೆ. ಎರಡೂ ಹುರುಳಿಲ್ಲದವಲ್ಲ, ಆದುದರಿಂದ ಒಂದೊಂದಾಗಿ ನೋಡೋಣ.

ಮೊದಲನೆಯದು ನೀತಿಯ ಆಕ್ಷೇಪಣೆ. ದುಡಿಯದೆ ಉಣ್ಣುವುದು ತಪ್ಪೆಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಕೆಲಸವಿಲ್ಲದ ದಿನಕ್ಕೆ ಕೂಲಿ ಕೊಟ್ಟರೆ ಸೋಮಾರಿತನಕ್ಕೆ ನೀರೆರೆದಂತಾಗದೆ? 12ನೆಯ ಶತಮಾನದ ಶರಣರಷ್ಟು ದುಡಿಮೆಯನ್ನು ಎತ್ತಿಹಿಡಿದವರು ನಮ್ಮಲ್ಲಿ ವಿರಳ. ಆದರೆ ಅವರು ಕಾಯಕವನ್ನು ಒಂಟಿಯಾಗಿ ಬಿಡಲಿಲ್ಲ. ಅದರ ಜೊತೆಗೆ ದಾಸೋಹವನ್ನು ಇಟ್ಟರು. ದುಡಿಯುವುದು ನನ್ನ ಧರ್ಮವಾದರೆ, ದುಡಿದದ್ದರಲ್ಲಿ ಇತರರಿಗೂ ಪಾಲಿದೆ ಎಂಬುದು ಆ ಧರ್ಮದ ಇನ್ನೊಂದು ಮುಖ. ಅದೂ ಅಲ್ಲದೆ, ದುಡಿಯಲು ಒಲ್ಲದವನು ಬೇರೆ, ದುಡಿಯಲು ಬಿಡದೆ ಇರಿಸಲ್ಪಟ್ಟವನು ಬೇರೆ. ಆ ಎರಡು ತಿಂಗಳು ಮನೆಯಲ್ಲಿದ್ದ ಕೂಲಿಕಾರನು ಒಂದು ಅರ್ಥದಲ್ಲಿ ಕೆಲಸವನ್ನೇ ಮಾಡುತ್ತಿದ್ದನು. ತಾನು ಹೊರಗೆ ಬಾರದೆ ನೆರೆಯವರ ಪ್ರಾಣ ಕಾಯುವುದು ಅವನಿಗೆ ಸಮಾಜ ಒಪ್ಪಿಸಿದ ಕೆಲಸವಾಗಿತ್ತು. ಸಮಾಜಕ್ಕೆ ಬೇಕಾಗಿ ಸುಮ್ಮನೆ ಕುಳಿತವನನ್ನು ಸೋಮಾರಿ ಎನ್ನುವುದಾದರೆ, ಹಗಲಿರುಳು ಏನೂ ನಡೆಯದಂತೆ ಎಚ್ಚರವಾಗಿರುವ ಕಾವಲುಗಾರನನ್ನೂ ಸೋಮಾರಿ ಎನ್ನಬೇಕಾದೀತು.

ಎರಡನೆಯದು ಸಾಧ್ಯಾಸಾಧ್ಯತೆಯ ಆಕ್ಷೇಪಣೆ. ಇದು ಹೆಚ್ಚು ತೂಕದ್ದು. ದೊಡ್ಡ ಕಾರ್ಖಾನೆಯ ಮಾತು ಹಾಗಿರಲಿ. ಒಂದೆರಡು ಎಕರೆಯಲ್ಲಿ ಗುಲಾಬಿ ಬೆಳೆಯುವ ನಮ್ಮ ಕಡೆಯ ರೈತನ ಪಾಡೇನು? ಗುಲಾಬಿಯ ಗಿಡಕ್ಕೆ ಸರ್ಕಾರದ ಆಜ್ಞೆ ತಿಳಿಯದು. ಅರಳಿದ ಹೂವನ್ನು ಕೊಯ್ಯದೆ ಬಿಟ್ಟರೆ ಗಿಡಕ್ಕೆ ರೋಗ ಹತ್ತುತ್ತದೆ, ಮುಂದಿನ ಚಿಗುರು ಸೊರಗುತ್ತದೆ. ಮದುವೆಗಳು ನಿಂತು, ದೇವಸ್ಥಾನಗಳು ಮುಚ್ಚಿ, ಹೊರದೇಶಕ್ಕೆ ಹೂವು ಹೋಗದೆ ಇದ್ದ ಆ 2020ರ ಬೇಸಿಗೆಯಲ್ಲಿ ಹೊಸೂರು ಸೀಮೆಯ ಬೆಳೆಗಾರರು ಹೂವನ್ನು ಕೊಯ್ಯಿಸಿ ತಿಪ್ಪೆಗೆ ಸುರಿಯಬೇಕಾಯಿತು. ಕೊಯ್ಯಿಸಿದರೆ ಕೂಲಿಯ ನಷ್ಟ, ಕೊಯ್ಯಿಸದಿದ್ದರೆ ತೋಟದ ನಷ್ಟ. ಇಂಥವನ ಮೇಲೆ ನಿಂತ ದಿನಗಳ ಕೂಲಿಯನ್ನೂ ಹೊರಿಸುವುದು ನ್ಯಾಯವಲ್ಲ ಎಂಬುದನ್ನು ಒಪ್ಪಬೇಕು.

ಆದರೆ ಈ ಆಕ್ಷೇಪಣೆಯಿಂದ ಸಿದ್ಧವಾಗುವುದೇನು? ಹೊಣೆ ಆ ಒಬ್ಬ ಮಾಲೀಕನದಲ್ಲ ಎಂಬುದಷ್ಟೆ. ಹೊಣೆಯೇ ಇಲ್ಲ ಎಂದಲ್ಲ. ಬಾಗಿಲು ಮುಚ್ಚಿದ್ದು ಎಲ್ಲರ ಹಿತಕ್ಕಾಗಿ. ಎಲ್ಲರ ಹಿತಕ್ಕಾಗಿ ಆದ ಖರ್ಚನ್ನು ಎಲ್ಲರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಹೊರಬೇಕು. ಅದು ಕೇವಲ ಬಲವಿಲ್ಲದವನ ಹೆಗಲಿಗೆ ಜಾರಿ ಬೀಳಬಾರದು. ಈ ಲೇಖನದಲ್ಲಿ ಹೇಳಬೇಕಾದ ಮಾತು ಇದೊಂದೇ. ನಿಂತ ದಿನಗಳ ಕೂಲಿಯು ದಾನವಲ್ಲ. ಸಮಾಜ ತೀರಿಸಬೇಕಾದ ಸಾಲ.

ಆ ಸಾಲವನ್ನು ತೀರಿಸಿದವರು ಯಾರೆಂದು ನೋಡಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ನೆರವು ಬಾರದೆ ಇರಲಿಲ್ಲ. ತಮಿಳುನಾಡು ಸರ್ಕಾರ 2020ರ ಏಪ್ರಿಲ್‌ನಲ್ಲಿ ಅಕ್ಕಿಯ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ 1,000 ರೂಪಾಯಿಗಳನ್ನೂ, ಎರಡನೆಯ ಅಲೆಯ ವೇಳೆಗೆ 2021ರಲ್ಲಿ ಎರಡು ಕಂತಾಗಿ 4,000 ರೂಪಾಯಿಗಳನ್ನೂ ಕೊಟ್ಟಿತು. ಗಡಿಯಾಚೆ ಕರ್ನಾಟಕ ಸರ್ಕಾರ ಕ್ಷೌರಿಕರು, ಅಗಸರು, ಆಟೋ ಚಾಲಕರಿಗೆ ತಲಾ 5,000 ರೂಪಾಯಿಗಳನ್ನು ಘೋಷಿಸಿತು. ಹಳ್ಳಿಗಳಲ್ಲಿ ಆಗ ಜಾರಿಯಲ್ಲಿದ್ದ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು 2020–21ರಲ್ಲಿ ದೇಶದ 7.5 ಕೋಟಿ ಕುಟುಂಬಗಳಿಗೆ ಕೆಲಸ ಕೊಟ್ಟಿತು. ಆ ವರ್ಷ ಅದರ ದಿನಗೂಲಿ ಗಡಿಯ ಈಚೆಗೆ 256 ರೂಪಾಯಿ, ಆಚೆಗೆ 275. ಇವೆಲ್ಲ ಹಸಿವಿನ ಬಾಯಿಗೆ ಬಿದ್ದ ಒಳ್ಳೆಯ ತುತ್ತುಗಳೇ. ಆದರೂ ಹೊರೆಯ ಬಹುಭಾಗವನ್ನು ಕೆಲಸಗಾರನೇ ಹೊತ್ತನು. ಭವಿಷ್ಯನಿಧಿಯಿಂದ ಮೂರು ತಿಂಗಳ ಸಂಬಳದಷ್ಟನ್ನು ತೆಗೆದುಕೊಳ್ಳಬಹುದೆಂದು 2020ರ ಮಾರ್ಚ್‌ನಲ್ಲಿ ಅನುಮತಿ ದೊರೆತಾಗ ಅದನ್ನು ಪರಿಹಾರವೆಂದು ಕರೆದರು. ವಾಸ್ತವವಾಗಿ ಅದು ತನ್ನ ಮುಪ್ಪಿನ ಬುತ್ತಿಯನ್ನು ತಾನೇ ಬಿಚ್ಚಿ ಉಂಡದ್ದು. ಭವಿಷ್ಯನಿಧಿಯೂ ಇಲ್ಲದವರು ಒಡವೆಯನ್ನು ಅಡವಿಟ್ಟರು. ಅಡವಿಡಲು ಏನೂ ಇಲ್ಲದವರು ಊರ ದಾರಿ ಹಿಡಿದು ನಡೆದರು. ಸಂಬಳವೆಂದರೆ ದಾರಿಯ ಬುತ್ತಿ ಎಂಬ ಅರ್ಥ ಆ ಬೇಸಿಗೆಯ ಹೆದ್ದಾರಿಗಳಲ್ಲಿ ಕಣ್ಣಿಗೆ ಕಾಣುವಂತಿತ್ತು. ಅವರಿಗೆ ದಾರಿ ಮಾತ್ರ ಇತ್ತು.

ಇನ್ನು ಚೇತರಿಕೆಯ ಮಾತು. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಒಟ್ಟು ಉತ್ಪನ್ನವು ಹಿಂದಿನ ವರ್ಷದ ಅದೇ ಅವಧಿಗಿಂತ ನೂರಕ್ಕೆ 23ಕ್ಕೂ ಹೆಚ್ಚು ಕುಗ್ಗಿತು. ಮರುವರ್ಷ ಮತ್ತೆ ಏರಿತು. ಏರಿದ್ದು ನಿಜ. ಆದರೆ ಕಾಯಿಲೆಯಿಂದ ಎದ್ದವನ ತೂಕವನ್ನಷ್ಟೇ ನೋಡಿ ಗುಣವಾಯಿತೆನ್ನುವ ವೈದ್ಯನಿಲ್ಲ. ದೇಶದ ಕೆಲಸಗಾರರಲ್ಲಿ ಬೇಸಾಯವನ್ನು ನಂಬಿದವರು 2018–19ರಲ್ಲಿ ನೂರಕ್ಕೆ 42.5ರಷ್ಟಿದ್ದರು, 2020–21ರಲ್ಲಿ 46.5 ಆದರು. ನೆಲ ಹಿಗ್ಗಲಿಲ್ಲ, ಅದನ್ನು ನಂಬಿದ ಹೊಟ್ಟೆಗಳು ಹೆಚ್ಚಿದವು. ಪಟ್ಟಣದಲ್ಲಿ ಯಂತ್ರದ ಮುಂದೆ ನಿಂತಿದ್ದವನು ಹಿಂದಿರುಗಿ, ಇಬ್ಬರು ಮಾಡುತ್ತಿದ್ದ ರಾಗಿಯ ಹೊಲದ ಕೆಲಸಕ್ಕೆ ಮೂರನೆಯವನಾಗಿ ಸೇರಿದರೂ ಲೆಕ್ಕದಲ್ಲಿ ಅವನು ಉದ್ಯೋಗಸ್ಥನೇ. ಕೆಲಸವಿದೆ ಎಂಬುದೂ ಕೂಲಿಯಿದೆ ಎಂಬುದೂ ಒಂದೇ ಅಲ್ಲ.

ಪಿಡುಗು ಇಳಿದ ಮೇಲೆ ಕೂಲಿಯ ಪ್ರಶ್ನೆ ಏಳುವುದು ಇದೇ ಮೊದಲಲ್ಲ. ಇಂಗ್ಲೆಂಡಿನಲ್ಲಿ 1348–49ರ ಮಹಾಮಾರಿಯಲ್ಲಿ ಅಸಂಖ್ಯ ಜನ ಸತ್ತು, ಉಳಿದ ಕೂಲಿಕಾರರ ಬೆಲೆ ಏರಿತು. ಆಗ ದೊರೆಯ ಸರ್ಕಾರ 1351ರಲ್ಲಿ ಶಾಸನ ಮಾಡಿ, ಪಿಡುಗಿಗೆ ಮುಂಚೆ ಇದ್ದ ಕೂಲಿಗಿಂತ ಹೆಚ್ಚನ್ನು ಕೇಳಕೂಡದೆಂದಿತು. ನಮ್ಮ ದೇಶದ ನಿದರ್ಶನ ಇನ್ನೂ ಹತ್ತಿರದ್ದು. 1917ರಲ್ಲಿ ಅಹಮದಾಬಾದಿನಲ್ಲಿ ಪ್ಲೇಗು ಹರಡಿದಾಗ, ಗಿರಣಿಯ ಕೆಲಸಗಾರರು ಊರು ಬಿಟ್ಟು ಹೋಗದಂತೆ ಮಾಲೀಕರು ‘ಪ್ಲೇಗು ಬೋನಸ್’ ಎಂದು ಕೊಟ್ಟರು. ಕೆಲವರಿಗೆ ಅದು ಕೂಲಿಯ ನೂರಕ್ಕೆ 70–80ರಷ್ಟಿತ್ತು. ಪ್ಲೇಗು ಇಳಿಯಿತು, 1918ರ ಆರಂಭದಲ್ಲಿ ಬೋನಸ್ಸೂ ನಿಂತಿತು. ಪದಾರ್ಥಗಳ ಬೆಲೆ ಮಾತ್ರ ಇಳಿಯಲಿಲ್ಲ. ಗಾಂಧೀಜಿಯವರು ಎರಡು ಕಡೆಯ ಲೆಕ್ಕವನ್ನೂ ಪರಿಶೀಲಿಸಿ, ನೂರಕ್ಕೆ 50 ಕೇಳುತ್ತಿದ್ದ ಕೆಲಸಗಾರರಿಗೆ 35 ನ್ಯಾಯವೆಂದರು. ಮಾಲೀಕರು 20ಕ್ಕೆ ನಿಂತರು. ಕೆಲಸಗಾರರ ಪಕ್ಷದಲ್ಲಿ ಅನಸೂಯಾ ಸಾರಾಭಾಯಿ, ಮಾಲೀಕರ ಪಕ್ಷದಲ್ಲಿ ಆಕೆಯ ಒಡಹುಟ್ಟಿದ ಅಂಬಾಲಾಲ್. ಗಾಂಧೀಜಿಯವರ ಮೂರು ದಿನಗಳ ಉಪವಾಸದ ಬಳಿಕ ವಿವಾದ ಪಂಚಾಯಿತಿಗೆ ಹೋಗಿ, ಕೊನೆಗೆ 35ರ ತೀರ್ಪೇ ಬಂದಿತು. ಇದರಿಂದ ತಿಳಿಯುವುದೇನು? ಭಯದಿಂದ ಕೊಟ್ಟದ್ದು ಭಯ ತೀರಿದೊಡನೆ ಹಿಂದಕ್ಕೆ ಹೋಗುತ್ತದೆ. ನ್ಯಾಯವೆಂದು ಅಳೆದು ಕೊಟ್ಟದ್ದು ನಿಲ್ಲುತ್ತದೆ.

ನಮ್ಮ ಕಾಲದಲ್ಲಿಯೂ ಹೀಗೆಯೇ ಆಯಿತು. 2020ರ ಮಾರ್ಚ್ 22ರ ಸಂಜೆ ದೇಶವೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿತು. ಆ ಜುಲೈನಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಾಗಿ ಮುಷ್ಕರ ಹೂಡಬೇಕಾಯಿತು. ಅವರಿಗೆ ಕೊಡುವುದನ್ನು ಕೂಲಿಯೆನ್ನದೆ ಗೌರವಧನವೆನ್ನುತ್ತಾರೆ. ಗೌರವ ದೊಡ್ಡದಾದಷ್ಟೂ ಧನ ಸಣ್ಣದಾಗಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಚೇತರಿಕೆಯ ಹೆಸರಿನಲ್ಲಿ ದಿನದ ದುಡಿಮೆಯನ್ನೇ ಹಿಗ್ಗಿಸುವ ಯತ್ನವೂ ನಡೆಯಿತು. ಕರ್ನಾಟಕ 2020ರ ಮೇ ತಿಂಗಳಲ್ಲಿ ಕಾರ್ಖಾನೆಯ ದಿನವನ್ನು 10 ಗಂಟೆಗೆ ಏರಿಸಿ ಜೂನ್‌ನಲ್ಲಿ ಹಿಂತೆಗೆದುಕೊಂಡಿತು. ತಮಿಳುನಾಡು 12 ಗಂಟೆಗೆ ಎಡೆಕೊಡುವ ಮಸೂದೆಯನ್ನು 2023ರ ಏಪ್ರಿಲ್‌ನಲ್ಲಿ ಅಂಗೀಕರಿಸಿ, ಮೇ 1ರಂದು ಕೈಬಿಟ್ಟಿತು. ನಿಂತ ದಿನಗಳ ನಷ್ಟವನ್ನು ದುಡಿಯುವ ದಿನಗಳ ಉದ್ದದಿಂದ ತುಂಬಿಕೊಳ್ಳುವುದೆಂದರೆ, ಸಾಲ ಕೊಡಬೇಕಾದವನೇ ಬಡ್ಡಿಯನ್ನೂ ಕೇಳಿದಂತೆ.

ಹಾಗಾದರೆ ದಾರಿ ಯಾವುದು? ನಮ್ಮ ಹಳ್ಳಿಗಳ ಹಿರಿಯರಿಗೆ ಇದರ ಸುಳಿವು ತಿಳಿಯದೆ ಇರಲಿಲ್ಲ. ಆಯಗಾರನಿಗೆ ಸುಗ್ಗಿಯ ಕಣದಲ್ಲಿ ವರ್ಷಕ್ಕೊಮ್ಮೆ ಧಾನ್ಯದ ಪಾಲು ಸಲ್ಲುತ್ತಿತ್ತು. ಅವನು ಎಷ್ಟು ದಿನ ದುಡಿದನೆಂದು ಬೆರಳು ಮಡಿಸಿ ಎಣಿಸುತ್ತಿರಲಿಲ್ಲ. ಆ ಪದ್ಧತಿಗೆ ಜಾತಿಯ ಕಟ್ಟು ಬಿಗಿದಿತ್ತು, ಬಿಟ್ಟು ಹೋಗುವ ಸ್ವಾತಂತ್ರ್ಯವಿರಲಿಲ್ಲ; ಆದ್ದರಿಂದ ಅದು ಹೋದದ್ದು ಒಳ್ಳೆಯದೇ. ಆದರೆ ಅದರೊಳಗಿನ ಒಂದು ಕಾಳು ಜೊಳ್ಳಲ್ಲ. ವರ್ಷವಿಡೀ ಬೇಕಾದವನಿಗೆ ವರ್ಷವಿಡೀ ಅನ್ನವಿರಬೇಕೆಂಬುದೇ ಆ ಕಾಳು. ಹಾಗೆಯೇ ಹಗೇವು. ಒಳ್ಳೆಯ ಬೆಳೆಯ ವರ್ಷ ರಾಗಿಯನ್ನು ನೆಲದೊಳಗಿನ ಹಗೇವಿಗೆ ಇಳಿಸಿ, ಮಳೆ ಕೈಕೊಟ್ಟ ವರ್ಷ ತೆಗೆಯುತ್ತಿದ್ದರು. ಬರ ಬಂದ ಮೇಲೆ ಹಗೇವು ತೋಡಿದವರುಂಟೆ? ಇಂದಿನ ಹಗೇವೆಂದರೆ ವಿಮೆ, ನಿರುದ್ಯೋಗ ಭತ್ಯ, ಖಾತರಿಯ ಕೆಲಸ. ಕಾರ್ಮಿಕರ ರಾಜ್ಯ ವಿಮೆಯಲ್ಲಿ ಹೆಸರಿದ್ದವರಿಗೆ 2020ರಲ್ಲಿ ಕೆಲಸ ಹೋದ ಕಾಲಕ್ಕೆ 90 ದಿನಗಳವರೆಗೆ ಅರ್ಧ ಸಂಬಳದ ನೆರವನ್ನು ಕೊಡಲು ಒಪ್ಪಿದ್ದು ಇಂಥ ಹಗೇವಿನ ಒಂದು ಮೊರದಷ್ಟು ರಾಗಿ. ವಿಮೆಯ ಪುಸ್ತಕದಲ್ಲಿ ಹೆಸರೇ ಇಲ್ಲದ ಹೂವಿನ ತೋಟದ ಹೆಂಗಸಿಗೆ, ಗಾರೆಯ ಕೆಲಸದವನಿಗೆ, ಹೋಟೆಲಿನ ಹುಡುಗನಿಗೆ ಅದರ ಬಾಯಿ ಇನ್ನೂ ತೆರೆಯಬೇಕಾಗಿದೆ. ಅದನ್ನು ತುಂಬುವ ಕಾಲ ಸುಗ್ಗಿಯ ಕಾಲವೇ ಹೊರತು ಬರದ ಕಾಲವಲ್ಲ.

ಉಪಾಧ್ಯಾಯ ಮಿತ್ರರಿಗೆ ಇದು ದೂರದ ವಿಷಯವಲ್ಲ. ಶಾಲೆಗಳು ಮುಚ್ಚಿದ್ದಾಗ ಸರ್ಕಾರಿ ಶಾಲೆಯ ಖಾಯಂ ಉಪಾಧ್ಯಾಯರಿಗೆ ತಿಂಗಳ ಸಂಬಳ ಬಂದಿತು. ಅದು ನ್ಯಾಯವಾಗಿಯೇ ಇತ್ತು. ಅದೇ ಪಾಠವನ್ನು ಹೇಳುತ್ತಿದ್ದ ಎಷ್ಟೋ ಖಾಸಗಿ ಶಾಲೆಗಳ ಉಪಾಧ್ಯಾಯರು ಸಂಬಳವಿಲ್ಲದೆ ಕೂಲಿಗೆ ಹೋದರು. ಒಬ್ಬರಿಗೆ ಸಂದದ್ದು ನ್ಯಾಯವಾದರೆ ಇನ್ನೊಬ್ಬರಿಗೆ ಸಲ್ಲದೆ ಹೋದದ್ದು ಅನ್ಯಾಯವೆಂದು ಹೇಳುವ ಅಧಿಕಾರವೂ ಹೊಣೆಯೂ ತಿಂಗಳ ಸಂಬಳ ಪಡೆದವರಿಗೇ ಹೆಚ್ಚು.

ನಮ್ಮ ತರಗತಿಗಳಲ್ಲಿ ಕಾಲ ಮತ್ತು ಕೆಲಸದ ಲೆಕ್ಕಗಳನ್ನು ಮಾಡಿಸುತ್ತೇವೆ. ಐದು ಜನ ಒಂದು ಗೋಡೆಯನ್ನು ಹತ್ತು ದಿನದಲ್ಲಿ ಕಟ್ಟಿದರೆ ಹತ್ತು ಜನ ಎಷ್ಟು ದಿನದಲ್ಲಿ ಕಟ್ಟುವರು? ಮಕ್ಕಳು ಐದು ಎಂದು ಉತ್ತರಿಸುತ್ತಾರೆ, ಉತ್ತರ ಸರಿ. ಇನ್ನು ಮೇಲೆ ಅದರ ಕೆಳಗೆ ಇನ್ನೊಂದು ಲೆಕ್ಕವನ್ನೂ ಕೊಡಬಹುದು. ಮೂರನೆಯ ದಿನ ಎಲ್ಲರ ಕ್ಷೇಮಕ್ಕಾಗಿ ಕೆಲಸ ನಿಲ್ಲಿಸಬೇಕಾಯಿತು. ಆ ದಿನ ಆ ಹತ್ತು ಜನರ ಮನೆಯಲ್ಲಿ ಯಾರು ಯಾರು ಎಷ್ಟೆಷ್ಟು ಅಕ್ಕಿ ಹಾಕಬೇಕು? ಈ ಲೆಕ್ಕಕ್ಕೆ ಪುಸ್ತಕದ ಕೊನೆಯಲ್ಲಿ ಉತ್ತರವಿಲ್ಲ. ಅದನ್ನು ಬಿಡಿಸಲು ಕಲಿತ ಮಕ್ಕಳು ಮುಂದೆ ಮಾಲೀಕರೂ ಕೆಲಸಗಾರರೂ ಅಧಿಕಾರಿಗಳೂ ಆಗುವರು. ಆಗ ಇನ್ನೊಂದು ಪಿಡುಗು ಬಂದರೂ ನಮ್ಮ ಊರು ಬುತ್ತಿಯಿಲ್ಲದೆ ದಾರಿಗೆ ಬೀಳಲಾರದು.