ಅರಿವೂ ಅನುಭವವೂ

೧೯೬೮ರ ಏಪ್ರಿಲ್ ೪ರಂದು ಮಾರ್ಟಿನ್ ಲೂಥರ್ ಕಿಂಗರು ಕೊಲೆಯಾದರು. ಮರುದಿನವೇ ಅಮೆರಿಕೆಯ ಅಯೋವಾ ಪ್ರಾಂತದ ರೈಸ್‌ವಿಲ್ ಎಂಬ ಬಿಳಿಯರ ಊರಿನಲ್ಲಿ ಜೇನ್ ಎಲಿಯಟ್ ಎಂಬ ಉಪಾಧ್ಯಾಯಿನಿಯು ಮೂರನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದಿಂದ ವಿಂಗಡಿಸಿ, ಕಂದುಗಣ್ಣಿನವರೇ ಶ್ರೇಷ್ಠರೆಂದು ಸಾರಿದರು. ನಿನ್ನೆಯ ಗೆಳೆಯರನ್ನೇ ಮಕ್ಕಳು ಹೀಯಾಳಿಸತೊಡಗಿದರು. ಬಳಿಕ ಆಕೆ ಸ್ಥಾನಗಳನ್ನು ಅದಲುಬದಲು ಮಾಡಿದರು; ಕಡೆಗೆ ತಮಗಾದುದನ್ನು ಮಕ್ಕಳಿಂದಲೇ ಬರೆಯಿಸಿದರು.

ಬರಿಯ ಉಪದೇಶದಿಂದ ಅವಮಾನದ ಉರಿ ತಿಳಿಯದೆಂಬುದು ದಿಟ. ಆದರೆ ಆ ಮಕ್ಕಳ ಉರಿಯು ಆಟದೊಡನೆ ಆರುವಂಥದು. ಕರಿಯರ ಪಾಲಿಗೆ ಅದು ಗುಲಾಮಗಿರಿಯಿಂದಲೂ, ಅದು ಅಳಿದ ಮೇಲೆ ಶಾಸನಗಳಿಂದಲೂ ತಲೆತಲಾಂತರವಾಗಿ ಬಂದುದು. ಇದನ್ನು ಯಾವ ಆಟವೂ ಕಲಿಸದು, ಚರಿತ್ರೆಯೇ ಹೇಳಬೇಕು. ಚರಿತ್ರೆಯನ್ನು ಬಿಟ್ಟರೆ ಮಗುವಿಗೆ ಉಳಿಯುವುದು ಉಪಾಧ್ಯಾಯಿನಿಯ ಮೇಲಣ ಮುನಿಸು ಮಾತ್ರ. ಮಕ್ಕಳು ಮೊದಲೇ ಒಪ್ಪಿದ್ದರೆಂದು ಆಕೆಯ ಹೇಳಿಕೆ. ತಾನು ಒಪ್ಪಿದುದು ಏನನ್ನೆಂದು ಎಂಟು ವರ್ಷದ ಮಗು ಅರಿತೀತೇ?